ಹತ್ತು ನಡೆಯಲ್ಲಿ ಮುಗಿದ ಆಟ: ಇಟಾಲಿಯನ್ ಓಪನಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆ ಚೆಸ್ ಆಡುವ ಹವ್ಯಾಸಿಗಳ ಬೋರ್ಡಿನ ಮೇಲೆ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಆಟ ಇದೆ. ಅದು ಶುರುವಾಗುವುದು ಇಟಾಲಿಯನ್ ಓಪನಿಂಗಿನಿಂದ (ಓಪನಿಂಗ್ ಅಂದರೆ ಆಟದ ಮೊದಲ ಕೆಲವು ನಡೆಗಳ ಕ್ರಮ). ಹೈಸ್ಕೂಲು ಹುಡುಗರಿಂದ ಹಿಡಿದು ನಿವೃತ್ತ ಮೇಷ್ಟ್ರವರೆಗೆ ಎಲ್ಲರೂ ಒಂದಲ್ಲ ಒಂದು ಸಲ ಇದನ್ನು ಗೆದ್ದಿರುತ್ತಾರೆ, ಇಲ್ಲವೇ ಸೋತಿರುತ್ತಾರೆ. ಕೆಳಗಿನ ಪ್ರಶ್ನೆಗಳೆಲ್ಲ ಈ ಆಟದ ಸುತ್ತ ಹುಟ್ಟಿದವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಬೋರ್ಡು ಪಕ್ಕದಲ್ಲಿಟ್ಟುಕೊಂಡು, ಕಾಯಿ ನಡೆಸುತ್ತಾ ಓದಿ. ಬರೀ ಕಣ್ಣಲ್ಲಿ ಓದಿದರೆ ಅರ್ಧ ಮಾತ್ರ ಸಿಕ್ಕುತ್ತದೆ.

ಆಟ ಹೀಗಿದೆ (ಮೊದಲು ಬಿಳಿಯ ನಡೆ, ನಂತರ ಕಪ್ಪಿನ ನಡೆ):

1. ಇ4, ಇ5
2. ಕುದುರೆ ಎಫ್3, ಕುದುರೆ ಸಿ6
3. ಒಂಟೆ ಸಿ4, ಕುದುರೆ ಎಫ್6
4. ಕುದುರೆ ಜಿ5, ಡಿ5
5. ಇ × ಡಿ5, ಕುದುರೆ × ಡಿ5
6. ಕುದುರೆ × ಎಫ್7, ರಾಜ × ಎಫ್7
7. ಮಂತ್ರಿ ಎಫ್3 +, ರಾಜ ಜಿ8
8. ಒಂಟೆ × ಡಿ5 +, ಮಂತ್ರಿ × ಡಿ5
9. ಮಂತ್ರಿ × ಡಿ5 +, ಒಂಟೆ ಇ6
10. ಮಂತ್ರಿ × ಇ6, ಮೇಟ್

## ಮೊದಲ ಪಾಠ

ಈ ಇ4, ಎಫ್7 ಅಂತ ಬರೆದಿರೋದನ್ನ ಓದೋದು ಹೆಂಗ್ರಿ?

ಬಿಳಿ ಕಾಯಿ ಆಡುವವರ ಎಡಗೈಯಿಂದ ಬಲಕ್ಕೆ ಎಂಟು ಕಂಬ ಸಾಲು: ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅವರ ಕಡೆಯಿಂದ ಎದುರಾಳಿ ಕಡೆಗೆ ಎಂಟು ಅಡ್ಡ ಸಾಲು: 1ರಿಂದ 8. ಇ ಕಂಬ, 4ನೇ ಸಾಲು ಕೂಡುವ ಮನೆಯೇ ಇ4. ಕಾಯಿಯ ಹೆಸರಿಲ್ಲದೆ ಬರೀ ಮನೆ ಬರೆದಿದ್ದರೆ ಅದು ಕಾಲಾಳಿನ ನಡೆ. × ಅಂದರೆ ಹೊಡೆದದ್ದು; ಇ × ಡಿ5 ಅಂದರೆ ಇ ಕಂಬದ ಕಾಲಾಳು ಡಿ5 ಹೊಡೆಯಿತು. + ಅಂದರೆ ಚೆಕ್, ರಾಜನ ಮೇಲೆ ದಾಳಿ. ಮೇಟ್ ಅಂದರೆ ರಾಜ ತಪ್ಪಿಸಿಕೊಳ್ಳಲಾಗದ ಚೆಕ್, ಅಲ್ಲಿಗೆ ಆಟ ಮುಗಿಯಿತು. ಸಂಖ್ಯೆಯ ಮುಂದೆ ಮೂರು ಚುಕ್ಕೆ ಇದ್ದರೆ ಅದು ಕಪ್ಪಿನ ನಡೆ. ಇಲ್ಲಿ ಮಂತ್ರಿ ಎಂದಿರುವುದನ್ನು ಕೆಲವರು ರಾಣಿ ಅನ್ನುತ್ತಾರೆ. ಎರಡೂ ಒಂದೇ ಕಾಯಿ. ಮೂಲೆಯಲ್ಲಿರುವುದು ಆನೆ, ಓರೆಯಾಗಿ ಓಡುವುದು ಒಂಟೆ.

ಬೋರ್ಡು ಯಾವ ಕಡೆ ತಿರುಗಿಸಿ ಇಡಬೇಕು? ನಮ್ಮದು ಪ್ರತಿ ಸಲ ಅದಲು ಬದಲಾಗ್ತದೆ.

ಇಬ್ಬರಿಗೂ ತಮ್ಮ ಬಲಗೈ ಮೂಲೆಯಲ್ಲಿ ಬಿಳಿ ಮನೆ ಬರಬೇಕು. ಮಂತ್ರಿ ತನ್ನ ಬಣ್ಣದ ಮನೆಯ ಮೇಲೆ: ಬಿಳಿ ಮಂತ್ರಿ ಬಿಳಿ ಮನೆಗೆ, ಕಪ್ಪು ಮಂತ್ರಿ ಕಪ್ಪು ಮನೆಗೆ. ಬೋರ್ಡು ತಿರುಗಿದ್ದರೆ ಮಂತ್ರಿ, ರಾಜ ಜಾಗ ಬದಲಾಗಿ ಈ ಪುಟದ ನಡೆಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಆಗಿಬಿಡುತ್ತವೆ. ಪಂದ್ಯದಲ್ಲಿ ಬೋರ್ಡು ಮಾತ್ರ ತಪ್ಪು ತಿರುಗಿದ್ದು ನಡುವೆ ಗೊತ್ತಾದರೆ ಆಟ ರದ್ದಾಗುವುದಿಲ್ಲ, ಇದ್ದ ಸ್ಥಿತಿಯನ್ನೇ ಸರಿ ತಿರುಗಿಸಿದ ಬೋರ್ಡಿಗೆ ಸಾಗಿಸಿ ಮುಂದುವರಿಸುತ್ತಾರೆ. ಕಾಯಿಗಳನ್ನೇ ತಪ್ಪು ಮನೆಯಲ್ಲಿ ಜೋಡಿಸಿ ಶುರು ಮಾಡಿದ್ದರೆ ಮಾತ್ರ ಹೊಸ ಆಟ.

ಅಂಗೈಯಗಲದ ಮ್ಯಾಗ್ನೆಟ್ ಬೋರ್ಡಿನಲ್ಲಿ ಓಪನಿಂಗ್ ಕಲಿಯಬೇಡಿ. ಅದರಲ್ಲಿ ಒಂಟೆಗೂ ಕಾಲಾಳಿಗೂ ವ್ಯತ್ಯಾಸವೇ ತಿಳಿಯದು, ಓರೆ ಸಾಲು ಕಣ್ಣಿಗೆ ಬೀಳದು. ಈ ಆಟ ಪೂರ್ತಿ ನಿಂತಿರುವುದು ಓರೆ ಸಾಲುಗಳ ಮೇಲೆ. ರಾಜ ಸುಮಾರು 9.5 ಸೆಂ.ಮೀ. ಎತ್ತರ, ಮನೆ 5ರಿಂದ 6 ಸೆಂ.ಮೀ. ಇರುವ ಸುರುಳಿ ಬೋರ್ಡು ಸಾಕು.

ನಮ್ಮಜ್ಜ ಕಾಲಾಳನ್ನ ಒಂದೊಂದೇ ಮನೆ ನಡೆಸ್ತಿದ್ರು, ರಾಜನಿಗೆ ಒಂದ್ಸಲ ಕುದುರೆ ನಡೆ ಕೊಡ್ತಿದ್ರು. ಅದು ತಪ್ಪಾ?

ತಪ್ಪಲ್ಲ, ಅದು ನಮ್ಮ ದೇಶದ ಹಳೇ ಚದುರಂಗದ ಕ್ರಮ. ಅದರಲ್ಲಿ ಕಾಲಾಳಿಗೆ ಮೊದಲ ಸಲವೂ ಒಂದೇ ಮನೆ; ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಇಲ್ಲ, ಅದರ ಬದಲು ಚೆಕ್ ಬೀಳದ ರಾಜ ಒಂದು ಸಲ ಕುದುರೆಯಂತೆ ಜಿಗಿಯಬಹುದು. ಊರಿಂದೂರಿಗೆ ಸಣ್ಣಪುಟ್ಟ ವ್ಯತ್ಯಾಸಗಳೂ ಇದ್ದವು. ಆ ಕ್ರಮದಲ್ಲಿ ಆಟ ನಿಧಾನವಾಗಿ ಅರಳುತ್ತಿತ್ತು. ಇ4ಕ್ಕೆ ಹೋಗಲು ಎರಡು ನಡೆ ಬೇಕಾದಲ್ಲಿ ಹತ್ತು ನಡೆಯೊಳಗೆ ಮೇಟ್ ಆಗುವುದು ಕಷ್ಟ.

ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇದೇ ದೇಶಿ ಕ್ರಮ ಕಲಿತು, ಆಮೇಲೆ ಹೊಸ ಕ್ರಮಕ್ಕೆ ಬಂದು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದವರು. ಅವರಿಗೂ ಓಪನಿಂಗೇ ದುರ್ಬಲ ಭಾಗವಾಗಿತ್ತು, ಮಧ್ಯದಾಟ ಮತ್ತು ಕೊನೆಯಾಟದಲ್ಲಿ ಎದುರಾಳಿಗಳನ್ನು ಹಿಂಡಿಬಿಡುತ್ತಿದ್ದರು. ಹಾಗಾಗಿ ಅಜ್ಜನ ಹತ್ತಿರ ಕಲಿತ ಹುಡುಗರಿಗೆ ನಮ್ಮ ಮಾತು ಇಷ್ಟೇ: ಕಲಿತದ್ದು ಏನೂ ವ್ಯರ್ಥವಲ್ಲ, ಮೊದಲ ಹತ್ತು ನಡೆ ಮಾತ್ರ ಹೊಸದಾಗಿ ಕಲಿಯಬೇಕು.

ನಾಲ್ಕೇ ನಡೆಯಲ್ಲಿ ಮೇಟ್ ಮಾಡ್ತಾರೆ. ತಪ್ಪಿಸೋದು ಹೆಂಗೆ?

1. ಇ4, ಇ5, 2. ಮಂತ್ರಿ ಎಚ್5, ಕುದುರೆ ಸಿ6, 3. ಒಂಟೆ ಸಿ4. ಇಲ್ಲಿ ಮಂತ್ರಿಯೂ ಒಂಟೆಯೂ ಎಫ್7 ಮನೆಯನ್ನು ನೋಡುತ್ತಿವೆ. ಗಮನಿಸದೆ ಕುದುರೆಯನ್ನು ಎಫ್6ಕ್ಕೆ ತಂದರೆ 4. ಮಂತ್ರಿ × ಎಫ್7 ಮೇಟ್. ಬದಲಿಗೆ 3... ಜಿ6 ಆಡಿ ಮಂತ್ರಿಯನ್ನು ಓಡಿಸಿ. 4. ಮಂತ್ರಿ ಎಫ್3 ಎಂದು ಮತ್ತೆ ಹೆದರಿಸಿದರೆ ಆಗ ಕುದುರೆ ಎಫ್6. ಅಲ್ಲಿಗೆ ಬೆದರಿಕೆ ಮುಗಿಯಿತು, ಬಿಳಿ ಮಂತ್ರಿ ತನ್ನ ಕುದುರೆಯ ಜಾಗದಲ್ಲೇ ನಿಂತು ತೊಡಕಾಗಿದೆ.

ಓಪನಿಂಗ್ ಅಂದ್ರೆ ಎಲ್ಲಾ ಬಾಯಿಪಾಠ ಮಾಡಬೇಕಾ ಸರ್?

ಬೇಡ. ಬಾಯಿಪಾಠ ಮಾಡಿದವರು ಎದುರಾಳಿ ಪುಸ್ತಕದ ನಡೆ ಬಿಟ್ಟ ಕೂಡಲೇ ಬೆಪ್ಪಾಗುತ್ತಾರೆ, ಹವ್ಯಾಸಿಗಳ ಆಟದಲ್ಲಿ ಅದು ಮೂರನೇ ನಡೆಗೇ ಆಗುತ್ತದೆ. ಅದರ ಬದಲು ಒಂದು ಎಣಿಕೆ ರೂಢಿಸಿಕೊಳ್ಳಿ: ಜಗಳ ನಡೆದಿರುವ ಮನೆಯ ಮೇಲೆ ಹೊಡೆಯುವವರು ಎಷ್ಟು, ಕಾಯುವವರು ಎಷ್ಟು? ಕಾಯಿ ಮುಟ್ಟುವ ಮೊದಲು ಬೆರಳು ಮಡಚಿಯಾದರೂ ಎಣಿಸಿ. ಮೇಲಿನ ಆಟದ ತಿರುವುಗಳೆಲ್ಲ, 4ನೇ ನಡೆಯಿಂದ 10ನೇ ನಡೆಯವರೆಗೆ, ಈ ಒಂದು ಎಣಿಕೆಗೆ ಸಿಗುತ್ತವೆ.

## ಓಪನಿಂಗ್

ಎಲ್ಲರೂ ಎಫ್7, ಎಫ್7 ಅಂತಾರಲ್ಲ, ಆ ಮನೇಲಿ ಅಂಥಾದ್ದು ಏನೈತಿ?

ಆಟ ಶುರುವಾಗುವಾಗ ಕಪ್ಪಿನ ಏಳನೇ ಸಾಲಿನ ಒಂದೊಂದು ಮನೆಯನ್ನೂ ಯಾರು ಕಾಯುತ್ತಿದ್ದಾರೆ ನೋಡಿ. ಇ7ಕ್ಕೆ ಮಂತ್ರಿ, ರಾಜ, ಒಂಟೆ, ಕುದುರೆ ನಾಲ್ವರು. ಡಿ7ಕ್ಕೂ ಹಾಗೇ ನಾಲ್ವರು. ಎಚ್7ಕ್ಕೆ ಆನೆ. ಎಫ್7ಕ್ಕೆ ರಾಜ ಒಬ್ಬನೇ, ಬೇರೆ ಯಾರೂ ಇಲ್ಲ. ದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಳು ಸುತ್ತಿನ ಗೋಡೆ ಇದ್ದರೂ ಶತ್ರು ಹುಡುಕಿದ್ದು ಕಾವಲು ತೆಳುವಾಗಿದ್ದ ಒಂದು ಸಂದಿಯನ್ನು. ಅಲ್ಲಿ ಕಾದವಳು ಒಬ್ಬಳೇ ಆದರೂ ಬಂದವರು ಒಬ್ಬೊಬ್ಬರಾಗಿ ನುಸುಳಬೇಕಿತ್ತು. ಎಫ್7ಕ್ಕೆ ಆ ಅನುಕೂಲವಿಲ್ಲ. ಇಬ್ಬರು ಒಟ್ಟಿಗೆ ಬರಬಹುದು.

ಬಿಳಿಗೆ ಇದೇ ಥರದ ಮನೆ ಎಫ್2. ಅದನ್ನು ಮರೆತು ದಾಳಿಗೆ ಹೋದವರ ಕಥೆ ಕೆಳಗೆ ಟ್ರಾಕ್ಸ್‌ಲರ್ ಪ್ರಶ್ನೆಯಲ್ಲಿದೆ.

ಇದಕ್ಕೆ ಇಟಾಲಿಯನ್ ಅಂತ ಹೆಸರು ಯಾಕೆ?

3. ಒಂಟೆ ಸಿ4 ವರೆಗಿನ ನಡೆಗಳನ್ನು ಹದಿನಾರು, ಹದಿನೇಳನೇ ಶತಮಾನದಲ್ಲಿ ಇಟಲಿಯ ಆಟಗಾರರು ಆಡಿ, ಬರೆದಿಟ್ಟು ಬೆಳೆಸಿದರು. ಕಪ್ಪು 3... ಕುದುರೆ ಎಫ್6 ಆಡಿದರೆ ಅದು ಎರಡು ಕುದುರೆ ರಕ್ಷಣೆ. 6. ಕುದುರೆ × ಎಫ್7 ಬಲಿಯ ದಾಳಿಯನ್ನು ಫ್ರೈಡ್ ಲಿವರ್ ಅನ್ನುತ್ತಾರೆ. ಸುಮಾರು 1610ರಲ್ಲಿ ರೋಮಿನಲ್ಲಿ ಇಟಲಿಯ ಆಟಗಾರ ಪೊಲೇರಿಯೊ ಆಡಿದ ಆಟದಲ್ಲಿ ಅದು ದಾಖಲಾಗಿದೆ. ನಾಲ್ಕು ಶತಮಾನ ಹಳೆಯ ಬಲೆಗೆ ಇವತ್ತೂ ಜನ ಬೀಳುತ್ತಾರೆ.

ಒಂದೇ ಕಾಯಿ ಎರಡು ಸಲ ನಡೆಸಬಾರದು ಅಂತ ನೀವೇ ಹೇಳ್ತೀರಿ. ಹಂಗಾದ್ರೆ 4. ಕುದುರೆ ಜಿ5 ಹೆಂಗೆ ಸರಿ?

ನಿಯಮ ಸರಿಯೇ. ಜರ್ಮನಿಯ ದೊಡ್ಡ ಆಟಗಾರ ಟಾರಾಶ್ ಈ ನಡೆಯನ್ನು ಆಟ ಬಾರದವರ ನಡೆ ಎಂದು ತಳ್ಳಿಹಾಕಿದ್ದೂ ಇದೇ ಕಾರಣಕ್ಕೆ. ಆದರೂ ದೊಡ್ಡ ಆಟಗಾರರೇ ಇದನ್ನು ಇವತ್ತಿಗೂ ಆಡುತ್ತಾರೆ, ಏಕೆಂದರೆ ಎಣಿಕೆ ಬಿಳಿಯ ಕಡೆ ಇದೆ: ಎಫ್7 ಮೇಲೆ ಕುದುರೆ, ಒಂಟೆ ಎರಡು, ಕಾಯುವವನು ರಾಜ ಒಬ್ಬ. ಕಪ್ಪು ಕೂಡಲೇ ಏನಾದರೂ ಮಾಡಲೇಬೇಕು. ನಿಯಮ ಮುರಿಯಬಹುದು, ಮುರಿದದ್ದಕ್ಕೆ ಕೈಗೆ ಬಂದ ಲಾಭ ಇಷ್ಟು ಎಂದು ತೋರಿಸುವಂತಿರಬೇಕು.

ನಾನೂ ಹಂಗೇ ಕುದುರೆ ಜಿ5ಕ್ಕೆ ತಂದೆ, ಅವನ ಮಂತ್ರಿ ಬಂದು ಸುಮ್ನೆ ತಿಂದುಬಿಡ್ತು. ಎಲ್ಲಿ ತಪ್ಪಾಯ್ತು?

ನಿಮ್ಮ ಎದುರಾಳಿ ಮೂರನೇ ನಡೆಗೆ ಕುದುರೆ ಎಫ್6 ಆಡಿರಲಿಲ್ಲ, ಬಹುಶಃ ಒಂಟೆ ಸಿ5 ಆಡಿದ್ದರು. ಡಿ8ರಲ್ಲಿರುವ ಕಪ್ಪು ಮಂತ್ರಿಯಿಂದ ಓರೆಯಾಗಿ ಬೆರಳಿಟ್ಟು ನೋಡಿ: ಡಿ8, ಇ7, ಎಫ್6, ಜಿ5. ಇ7ರ ಕಾಲಾಳು ಇ5ಕ್ಕೆ ಹೋದಾಗಲೇ ಆ ದಾರಿ ತೆರೆದಿದೆ. ಎಫ್6ರಲ್ಲಿ ಕಪ್ಪಿನದೇ ಕುದುರೆ ಬಂದು ಕೂತರೆ ಮಾತ್ರ ದಾರಿ ಮುಚ್ಚುತ್ತದೆ. ಕುದುರೆ ಜಿ5 ದಾಳಿ ನಡೆಯುವುದು ಆ ಮುಚ್ಚಿದ ದಾರಿಯ ಭರವಸೆಯ ಮೇಲೆ.

ಕಪ್ಪು ಆಡುವವರಿಗೂ ಇದೇ ಉಪಾಯ. ಈ ದಾಳಿಯೇ ಬೇಡ ಎನಿಸಿದರೆ 3... ಒಂಟೆ ಸಿ5 ಆಡಿ. ಜಿ5 ಮನೆ ಮಂತ್ರಿಯ ಕಾವಲಿನಲ್ಲಿ ಇರುತ್ತದೆ. 3... ಎಚ್6 ಎಂದು ಕಾಲಾಳಿನಿಂದ ತಡೆಯುವವರು ಬಹಳ. ಅದು ಸೋಲಿನ ನಡೆಯಲ್ಲ, ಆದರೆ ಒಂದು ಕಾಯಿ ಹೊರಗೆ ಬರಬಹುದಾಗಿದ್ದ ಸಮಯವನ್ನು ಅಂಚಿನ ಕಾಲಾಳಿಗೆ ಕೊಟ್ಟಂತೆ.

ಕುದುರೆ ಜಿ5ಕ್ಕೆ ಬಂತು. ಈಗ ಕಪ್ಪು ಏನ್ ಮಾಡಬೇಕ್ರಿ?

4... ಡಿ5. ಇದು ಒಂಟೆಯ ದಾರಿಗೆ ಅಡ್ಡ ಹಾಕುತ್ತದೆ, ಎಫ್7 ಮೇಲಿನ ಎಣಿಕೆ ಎರಡರಿಂದ ಒಂದಕ್ಕೆ ಇಳಿಯುತ್ತದೆ, ಸಿ8ರ ಒಂಟೆಗೂ ದಾರಿ ಬಿಡುತ್ತದೆ.

ಬೇರೆ ಎರಡು ನಡೆಗಳನ್ನು ಜನ ಆಡಿ ಕೆಡುತ್ತಾರೆ. 4... ಎಚ್6 ಆಡಿ ಕುದುರೆಯನ್ನು ಓಡಿಸಲು ನೋಡಿದರೆ ಅದು ಓಡುವುದಿಲ್ಲ, 5. ಕುದುರೆ × ಎಫ್7 ಎಂದು ಒಳಗೇ ನುಗ್ಗಿ ಡಿ8ರ ಮಂತ್ರಿ, ಎಚ್8ರ ಆನೆ ಎರಡನ್ನೂ ಒಮ್ಮೆಗೇ ಹಿಡಿಯುತ್ತದೆ. 4... ಮಂತ್ರಿ ಇ7 ಆಡಿದರೆ 5. ಒಂಟೆ × ಎಫ್7 +. ಒಂದು ಕಾಲಾಳು ಹೋಯಿತು, ರಾಜ ಡಿ8ಕ್ಕೆ ಸರಿಯಬೇಕು, ಕ್ಯಾಸ್ಲಿಂಗ್ ಹಕ್ಕೂ ಹೋಯಿತು.

4... ಡಿ5 ಆದ ಮೇಲೆ ಬಿಳಿ ಒಂಟೆಯಿಂದಲೇ ಡಿ5 ಹೊಡೆದ್ರೆ?

ಕೈ ಮೊದಲು ಹೋಗುವುದು ಅಲ್ಲಿಗೇ, ಅದು ತಪ್ಪು. 5. ಒಂಟೆ × ಡಿ5, ಕುದುರೆ × ಡಿ5. ಎಫ್6 ಖಾಲಿಯಾಯಿತು, ಮಂತ್ರಿಯ ದಾರಿ ತೆರೆಯಿತು. 6. ಇ × ಡಿ5, ಮಂತ್ರಿ × ಜಿ5. ಇಲ್ಲಿಗೆ ಬಿಳಿ ಒಂದು ಕಾಯಿ ಕಳೆದುಕೊಂಡಿತು ಎಂದು ಎರಡೂ ಕಡೆಯವರು ಅಂದುಕೊಳ್ಳುತ್ತಾರೆ, ಹಾಗಲ್ಲ: 7. ಡಿ × ಸಿ6 ಎಂದು ಕುದುರೆ ವಾಪಸ್ ಬರುತ್ತದೆ. ಕೆಡುವುದು ಮುಂದಿನ ನಡೆಗೆ. 7... ಮಂತ್ರಿ × ಜಿ2, ಎಚ್1ರ ಆನೆಗೆ ಬೆದರಿಕೆ. 8. ಆನೆ ಎಫ್1, ಬಿ × ಸಿ6. ಲೆಕ್ಕ ಹಾಕಿದರೆ ಕಪ್ಪಿಗೆ ಒಂದು ಕಾಲಾಳು ಹೆಚ್ಚು, ಎರಡೂ ಒಂಟೆ ಉಳಿದಿವೆ; ಬಿಳಿ ಆನೆ ನಡೆದುಬಿಟ್ಟಿದೆ, ಆ ಕಡೆ ಕ್ಯಾಸ್ಲಿಂಗ್ ಇಲ್ಲ. ಆದ್ದರಿಂದ ಐದನೇ ನಡೆ ಕಾಲಾಳಿನಿಂದಲೇ: ಇ × ಡಿ5.

## ಆಟದೊಳಗೆ

5... ಕುದುರೆ × ಡಿ5 ನೋಡೋಕೆ ಸರಿಯಾಗೇ ಕಾಣ್ತದಲ್ಲ. ತಪ್ಪೇನು?

ಕಾಣುವುದೇನೋ ಸರಿಯಾಗೇ. ಹೋದ ಕಾಲಾಳು ವಾಪಸ್ ಬಂತು, ಕುದುರೆ ನಡುಮನೆಯಲ್ಲಿ ಕೂತಿತು, ಮಂತ್ರಿಯ ದಾರಿ ತೆರೆದು ಜಿ5ರ ಕುದುರೆಗೇ ಬೆದರಿಕೆ ಬಿತ್ತು. ಇಷ್ಟು ಒಳ್ಳೆಯದು ಒಟ್ಟಿಗೆ ಕಂಡಾಗ ಎಣಿಕೆ ಮರೆತುಹೋಗುತ್ತದೆ.

ಎಣಿಸಿ. ಡಿ5ರ ಕುದುರೆಯನ್ನು ಕಾಯುತ್ತಿರುವುದು ಮಂತ್ರಿ ಒಂದೇ. ಹೊಡೆಯುತ್ತಿರುವುದು ಈಗ ಒಂಟೆ ಒಂದೇ. ಆದರೆ ಬಿಳಿ ಮಂತ್ರಿ ಎಫ್3ಕ್ಕೆ ಬಂದರೆ ಎರಡಾಗುತ್ತದೆ. ಅದೇ ಮಂತ್ರಿ ಎಫ್3 ನಡೆ ಚೆಕ್ ಜೊತೆಗೆ ಬಂದುಬಿಟ್ಟರೆ ಕಪ್ಪಿಗೆ ಕುದುರೆ ಕಾಯಲು ಪುರುಸೊತ್ತೇ ಇಲ್ಲ. 6. ಕುದುರೆ × ಎಫ್7 ಬಲಿಯ ಉದ್ದೇಶ ಇಷ್ಟೇ: ರಾಜನನ್ನು ಎಫ್ ಕಂಬಕ್ಕೆ ಎಳೆದು ಮಂತ್ರಿಯ ನಡೆಯನ್ನು ಚೆಕ್ ಮಾಡುವುದು. ಮೂರು ಅಂಕದ ಕುದುರೆ ಕೊಟ್ಟು ಒಂದು ಅಂಕದ ಕಾಲಾಳು ತಗೊಂಡು, ಎರಡು ಅಂಕದ ಸಾಲದಲ್ಲಿ ಬಿಳಿ ಈ ಸಮಯವನ್ನು ಕೊಳ್ಳುತ್ತದೆ.

ಹಂಗಾದ್ರೆ ಐದನೇ ನಡೆಗೆ ಕಪ್ಪಿಗೆ ಒಳ್ಳೇದು ಯಾವುದು?

5... ಕುದುರೆ ಎ5. ಅಂಚಿನ ಕುದುರೆ ಕೆಟ್ಟದ್ದು ಎಂಬ ಮಾತು ನಿಜ, ಇಲ್ಲಿ ಮಾತ್ರ ಅದು ಎಫ್7 ನೋಡುತ್ತಿರುವ ಒಂಟೆಯ ಮೇಲೇ ಬೀಳುತ್ತದೆ. ಸಾಮಾನ್ಯವಾಗಿ ಮುಂದೆ ಹೀಗೆ: 6. ಒಂಟೆ ಬಿ5 +, ಸಿ6, 7. ಡಿ × ಸಿ6, ಬಿ × ಸಿ6, 8. ಒಂಟೆ ಇ2, ಎಚ್6, 9. ಕುದುರೆ ಎಫ್3, ಇ4, 10. ಕುದುರೆ ಇ5, ಒಂಟೆ ಡಿ6.

ಈ ಸ್ಥಿತಿಯನ್ನು ಬೋರ್ಡಿನ ಮೇಲೆ ಇಟ್ಟು ಸ್ವಲ್ಪ ಹೊತ್ತು ನೋಡಿ. ಕಪ್ಪಿಗೆ ಒಂದು ಕಾಲಾಳು ಕಮ್ಮಿ. ಆದರೆ ಎಚ್6, ಇ4, ಒಂಟೆ ಡಿ6 ಮೂರು ನಡೆಗಳೂ ಬಿಳಿ ಕುದುರೆಯ ಬೆನ್ನು ಹತ್ತಿ ಬಂದವು. ಬಿಳಿಯ ಒಂದೇ ಕುದುರೆ ನಾಲ್ಕು ಸಲ ನಡೆದಿದೆ, ಒಂಟೆಯೊಂದನ್ನು ಬಿಟ್ಟರೆ ಉಳಿದ ಕಾಯಿಗಳು ಮನೆಯಲ್ಲೇ ಮಲಗಿವೆ. ಕಪ್ಪಿನ ಕಾಯಿಗಳಿಗೆ ದಾರಿ ತೆರೆದಿದೆ. ಒಂದು ಕಾಲಾಳಿನ ಬೆಲೆಗೆ ಇದು ನ್ಯಾಯವಾದ ವ್ಯಾಪಾರ ಎನ್ನುವುದು ನಮ್ಮ ಅಭಿಪ್ರಾಯ. ಆದರೆ ಕಾಲಾಳು ಕಮ್ಮಿಯಾಯಿತೆಂದು ಗಾಬರಿಬಿದ್ದು ಕಾಯಿ ಬದಲಾಯಿಸುತ್ತಾ ಹೋದರೆ ಉಳಿಯುವುದು ಬರೀ ಕಮ್ಮಿಯಾದ ಕಾಲಾಳೇ. ಬೇಗ ಕ್ಯಾಸ್ಲಿಂಗ್ ಮಾಡಿ, ಆನೆಯನ್ನು ತೆರೆದ ಕಂಬಕ್ಕೆ ತಂದು, ಬಿಳಿ ರಾಜನ ಕಡೆ ತಿರುಗಬೇಕು.

5... ಕುದುರೆ ಡಿ4 ಫ್ರಿಟ್ಜ್ ಹೆಸರಿನದು, 5... ಬಿ5 ಉಲ್ವೆಸ್ಟಾಡ್ ಹೆಸರಿನದು. ಎರಡೂ ಆಡಬಹುದಾದ ನಡೆಗಳೇ, ಆದರೆ ಒಂದು ನಡೆ ತಪ್ಪಿದರೂ ಕೈ ಸುಡುತ್ತವೆ. ಕುದುರೆ ಎ5 ಕೈಗೆ ಹತ್ತಿದ ಮೇಲೆ ಅವನ್ನು ಮುಟ್ಟಿ.

7... ರಾಜ ಜಿ8 ಆಡಿದ್ದಕ್ಕೆ ಸೋತ. ರಾಜನ್ನ ಮನೆಗೆ ಕಳಿಸಿದ್ದು ತಪ್ಪಾ?

ಚೆಕ್ ಬಿದ್ದ ರಾಜ ಮೂಲೆಗೆ ಓಡಬೇಕೆಂದು ಎಲ್ಲರಿಗೂ ಅನಿಸುತ್ತದೆ. ಇಲ್ಲಿ ರಾಜ ಎಫ್7ನಿಂದ ಹೋದ ಕೂಡಲೇ ಡಿ5 ಎಣಿಕೆ ಬಯಲಾಗುತ್ತದೆ: ಹೊಡೆಯಲು ಒಂಟೆ, ಮಂತ್ರಿ ಇಬ್ಬರು, ಕಾಯಲು ಕಪ್ಪು ಮಂತ್ರಿ ಒಬ್ಬ. ಅದರ ಮೇಲೆ ಸಿ4ರಿಂದ ಜಿ8ರವರೆಗಿನ ಓರೆ ಸಾಲಿನ ಕೊನೆಯಲ್ಲೇ ರಾಜ ಹೋಗಿ ಕೂತಿದ್ದಾನೆ. ಸುತ್ತ ಅವನದೇ ಕಾಯಿಗಳು ಗೋಡೆ ಕಟ್ಟಿವೆ: ಎಫ್8ರಲ್ಲಿ ಒಂಟೆ, ಎಚ್8ರಲ್ಲಿ ಆನೆ, ಜಿ7, ಎಚ್7ರಲ್ಲಿ ಕಾಲಾಳು. ತಪ್ಪಿಸಿಕೊಳ್ಳಲು ಇದ್ದ ಒಂದೇ ಬಾಗಿಲು ಎಫ್7, ಅದನ್ನು ಬಿಳಿ ನೋಡುತ್ತಿದೆ.

8. ಒಂಟೆ × ಡಿ5 + ಆದ ಮೇಲೆ ಬಿಡುಗಡೆ ಇಲ್ಲ. ಮಂತ್ರಿಯಿಂದ ಹೊಡೆದರೆ ಆಟದಲ್ಲಿ ಆದಂತೆ 10ನೇ ನಡೆಗೆ ಮೇಟ್. ಹೊಡೆಯದೆ 8... ಒಂಟೆ ಇ6 ಎಂದು ಅಡ್ಡ ಹಾಕಿದರೆ 9. ಒಂಟೆ × ಇ6, ಇನ್ನೂ ಬೇಗ ಮೇಟ್.

ಬಿಳಿ ಆಡುವವರಿಗೊಂದು ಎಚ್ಚರಿಕೆ. ಈ ಹಂತದಲ್ಲಿ ಆತುರಕ್ಕೆ 8. ಮಂತ್ರಿ ಎಫ್7 ಎಂದು ಮೇಟ್ ಕೂಗಿದವರು ಇದ್ದಾರೆ. ಡಿ5ರ ಕುದುರೆ ಇನ್ನೂ ಅಡ್ಡ ನಿಂತಿದೆ, ಒಂಟೆಯ ಬೆಂಬಲ ಎಫ್7ಕ್ಕೆ ತಲುಪಿಲ್ಲ. ರಾಜ ಮಂತ್ರಿಯನ್ನು ಎತ್ತಿ ಪಕ್ಕಕ್ಕಿಡುತ್ತಾನೆ.

ರಾಜನ್ನ ಇ6ಕ್ಕೆ, ನಡುಬಯಲಿಗೆ ತರೋಕೆ ಕೈಯೇ ಬರಲ್ಲ. ತಂದ್ರೆ ಉಳೀತೀನಾ?

7... ರಾಜ ಇ6 ಆಡಲೇಬೇಕು, ಹೆಚ್ಚಿಗೆ ಬಂದ ಕುದುರೆಯನ್ನು ಉಳಿಸಿಕೊಳ್ಳುವ ನಡೆ ಅದೊಂದೇ. ಡಿ5ಕ್ಕೆ ಕಾವಲು ಈಗ ರಾಜ, ಮಂತ್ರಿ ಇಬ್ಬರು, ಹೊಡೆಯುವವರು ಇಬ್ಬರು. ಬಿಳಿ 8. ಕುದುರೆ ಸಿ3 ಆಡಿ ಮೂರು ಮಾಡುತ್ತದೆ. ಕಪ್ಪೂ ಮೂರು ಮಾಡಬೇಕು: ಸಿ6ರ ಕುದುರೆಯನ್ನು ಬಿ4ಕ್ಕಾಗಲಿ ಇ7ಕ್ಕಾಗಲಿ ತಂದರೆ ಅದೂ ಡಿ5 ಕಾಯುತ್ತದೆ. ಬಿ4ಕ್ಕೆ ತಂದರೆ ಜೊತೆಗೆ ಸಿ2 ಹೊಡೆದು ರಾಜ, ಆನೆ ಎರಡನ್ನೂ ಹಿಡಿಯುವ ಬೆದರಿಕೆಯೂ ಇದೆ. ಬಿಳಿ 9. ಮಂತ್ರಿ ಇ4 ಆಡಿ ಸಿ2 ಕಾಯುತ್ತದೆ. 9... ಸಿ6, 10. ಎ3, ಕುದುರೆ ಎ6, 11. ಡಿ4, ಕುದುರೆ ಸಿ7. ಈಗ ಇ5ರ ಕಾಲಾಳು ರಾಜನಿಗೂ ಬಿಳಿ ಮಂತ್ರಿಗೂ ನಡುವೆ ಪಿನ್ ಆಗಿದೆ (ಅದು ಸರಿದರೆ ರಾಜನಿಗೆ ಚೆಕ್), ಡಿ4 ಹೊಡೆಯುವಂತಿಲ್ಲ; ಬಿಳಿ ಒಂಟೆ ಎಫ್4ಕ್ಕೆ ಬಂದು ಅದರ ಮೇಲೆ ಇನ್ನೂ ಭಾರ ಹಾಕುತ್ತದೆ.

ಉಳಿಯುತ್ತೀರಾ ಎಂದರೆ: ಬಿಳಿಯದೇ ಮೇಲುಗೈ, ಆದರೆ ಗೆಲುವು ತಾನಾಗಿ ಬರುವುದಿಲ್ಲ. ಹವ್ಯಾಸಿಗಳಲ್ಲಿ ಬಿಳಿ ಆಡುವವರು ಹತ್ತು ನಡೆಯ ಮೇಟನ್ನಷ್ಟೇ ಕಲಿತಿರುತ್ತಾರೆ. ರಾಜ ಇ6ಕ್ಕೆ ಬಂದ ಕೂಡಲೇ ಅವರ ಪಾಠ ಮುಗಿದಿರುತ್ತದೆ.

ಗೆದ್ದವನು ಸರಿಯಾಗೇ ಆಡಿದನಾ, ಇಲ್ಲಾ ಅದೃಷ್ಟವಾ?

ಸರಿಯಾಗೇ ಆಡಿದ. ಇನ್ನೂ ಗಟ್ಟಿಯಾದ ನಡೆಯೊಂದಿತ್ತು: 6. ಡಿ4. ಇದು ಲೋಲಿ ದಾಳಿ. ಇಟಲಿಯ ಲೋಲಿ 1763ರಲ್ಲಿ ಚೆಸ್ ಬಗ್ಗೆ ಗ್ರಂಥ ಪ್ರಕಟಿಸಿದವರು. ಈ ನಡೆಯಿಂದ ಸಿ1ರ ಒಂಟೆಯ ದಾರಿ ತೆರೆದು ಜಿ5ರ ಕುದುರೆಗೆ ಕಾವಲು ಸಿಗುತ್ತದೆ, ಇ5ಕ್ಕೆ ಪೆಟ್ಟು ಬೀಳುತ್ತದೆ, ಕುದುರೆ × ಎಫ್7 ಬೆದರಿಕೆ ಹಾಗೇ ಉಳಿಯುತ್ತದೆ. 6... ಇ × ಡಿ4 ಆದರೆ 7. ಕ್ಯಾಸ್ಲಿಂಗ್, ಆಮೇಲೆ ಆನೆ ಇ1ಕ್ಕೆ ಬಂದು ತೆರೆದ ಕಂಬದಲ್ಲಿ ಚೆಕ್ ಕೊಡುತ್ತದೆ. ಬಲಿ ಕೊಡುವ ಮೊದಲು ಒಂದು ನಡೆ ತಡೆದು ಇನ್ನಷ್ಟು ಕಾಯಿಗಳನ್ನು ಸೇರಿಸಿಕೊಳ್ಳುವುದು, ಅಷ್ಟೇ ವ್ಯತ್ಯಾಸ.

## ಇನ್ನೂ ಮುಂದೆ

4... ಒಂಟೆ ಸಿ5 ಆಡಿ ಎಫ್7 ಬಿಟ್ಟೇಬಿಡ್ತಾರಲ್ಲ, ಅವರಿಗೇನು ಹುಚ್ಚಾ?

ಹುಚ್ಚಲ್ಲ, ಅದು ಟ್ರಾಕ್ಸ್‌ಲರ್ ಎದುರುದಾಳಿ. ಬೊಹೆಮಿಯಾದ ಪಾದ್ರಿ ಕಾರೆಲ್ ಟ್ರಾಕ್ಸ್‌ಲರ್ 1890ರಲ್ಲಿ ಆಡಿ ಹೆಸರು ಮಾಡಿದ್ದು. ನೀನು ನನ್ನ ಎಫ್7ಕ್ಕೆ ಬಾ, ನಾನು ನಿನ್ನ ಎಫ್2ಕ್ಕೆ ಬರುತ್ತೇನೆ ಎನ್ನುವ ಲೆಕ್ಕ. 5. ಕುದುರೆ × ಎಫ್7 ಆಸೆಗೆ ಬಿದ್ದರೆ 5... ಒಂಟೆ × ಎಫ್2 +, 6. ರಾಜ × ಎಫ್2, ಕುದುರೆ × ಇ4 +, ನಂತರ ಮಂತ್ರಿ ಎಚ್4ಕ್ಕೆ ಜಿಗಿಯುತ್ತದೆ. ಬಿಳಿ ಒಂದೊಂದು ನಡೆಯನ್ನೂ ಸರಿಯಾಗಿ ಆಡಬೇಕು.

ಬಿಳಿಗೆ ನೆಮ್ಮದಿಯ ದಾರಿ 5. ಒಂಟೆ × ಎಫ್7 +, ರಾಜ ಇ7, 6. ಒಂಟೆ ಬಿ3. ಕಾಲಾಳು ಕೈಗೆ ಬಂತು, ಕಪ್ಪಿನ ಕ್ಯಾಸ್ಲಿಂಗ್ ಹೋಯಿತು, ಬಿಳಿ ರಾಜ ಭದ್ರ. ಆನೆಯ ಆಸೆ ಬಿಡುವುದೊಂದೇ ಕಷ್ಟ.

ಇಷ್ಟೆಲ್ಲಾ ರಗಳೆ ಬ್ಯಾಡ. ತಣ್ಣಗೆ ಆಡೋ ದಾರಿ ಇಲ್ವಾ?

ಇದೆ. ಬಿಳಿ 4. ಡಿ3 ಆಡಿದರೆ ಸಾಕು. ಸಿ3, ಕ್ಯಾಸ್ಲಿಂಗ್, ಆನೆ ಇ1. ಬಿ1ರ ಕುದುರೆ ಡಿ2, ಎಫ್1, ಜಿ3 ಮೂಲಕ ರಾಜನ ಕಡೆಗೆ. ಇದಕ್ಕೆ ಇಟಾಲಿಯನ್ನಿನಲ್ಲಿ ಬಹಳ ಶಾಂತ ಆಟ ಎನ್ನುವ ಅರ್ಥದ ಹೆಸರೇ ಇದೆ, ಇವತ್ತಿನ ಗ್ರ್ಯಾಂಡ್‌ಮಾಸ್ಟರ್‌ಗಳು ಆಡುವುದೂ ಹೆಚ್ಚಾಗಿ ಇದನ್ನೇ. ಶಾಂತ ಅಂದರೆ ಸುಲಭ ಅಂತಲ್ಲ, ಜಗಳ 15ನೇ ನಡೆಗೆ ಶುರುವಾಗುತ್ತದೆ.

ಮೊಬೈಲ್‌ನಾಗ ಎಂಜಿನ್ ಹಾಕಿದ್ರೆ ಎಲ್ಲಾ ಹೇಳ್ತದೆ. ಮತ್ತೆ ಇದೆಲ್ಲಾ ಯಾಕೆ?

ಎಂಜಿನ್, ಅಂದರೆ ನಡೆಗಳನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ, ಯಾವ ನಡೆ ಒಳ್ಳೆಯದು ಎಂದು ಹೇಳುತ್ತದೆ. ನಿಮಗೆ ಅದು ಯಾಕೆ ಹೊಳೆಯಲಿಲ್ಲ ಎಂದು ಹೇಳುವುದಿಲ್ಲ. ಆನ್‌ಲೈನ್ ಚೆಸ್ ತಾಣ ಲಿಚೆಸ್‌ನಲ್ಲಿ ದುಡ್ಡಿಲ್ಲದೆ ಎಂಜಿನ್ನೂ ಸಿಗುತ್ತದೆ, ಒಂದು ಸ್ಥಿತಿಯಲ್ಲಿ ಬೇರೆಯವರು ಏನಾಡಿದ್ದಾರೆ ಎಂಬ ಪಟ್ಟಿಯೂ ಸಿಗುತ್ತದೆ. ಕ್ರಮ ಹೀಗಿರಲಿ: ಮೊದಲು ಎಂಜಿನ್ ಇಲ್ಲದೆ ಬೋರ್ಡಿನ ಮೇಲೆ ಆಟ ನಡೆಸಿ, ನಿಮಗೆ ತಪ್ಪೆನಿಸಿದ ನಡೆಯ ಪಕ್ಕ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಎಂಜಿನ್ ಹಚ್ಚಿ. ನಿಮ್ಮ ಗುರುತು, ಅದರ ಗುರುತು ಬೇರೆಯಾದ ಕಡೆ ಮಾತ್ರ ಕೂತು ಯೋಚಿಸಿ. ಈ ಆಟದಲ್ಲಿ ಸೋತವರು ಸಾಮಾನ್ಯವಾಗಿ 7ನೇ ನಡೆಗೆ ಗುರುತು ಹಾಕುತ್ತಾರೆ, ಎಂಜಿನ್ 5ನೇ ನಡೆಯಲ್ಲೇ ತಗಾದೆ ತೆಗೆಯುತ್ತದೆ. ನೋಡಬೇಕಾದ್ದು ಆ ಎರಡು ನಡೆಗಳ ನಡುವಿನ ಜಾಗವನ್ನು.

ದಿನಾ ಎಷ್ಟು ಹೊತ್ತು, ಹೆಂಗೆ ಅಭ್ಯಾಸ ಮಾಡಬೇಕು?

ಈ ಓಪನಿಂಗಿಗೆ ದಿನಕ್ಕೆ 20 ನಿಮಿಷದಂತೆ ಎರಡು ವಾರ ಸಾಕು. ಜೊತೆಗೊಬ್ಬರು ಬೇಕು. 4. ಕುದುರೆ ಜಿ5 ವರೆಗೆ ಜೋಡಿಸಿ, ಅಲ್ಲಿಂದ ತಲಾ 5 ನಿಮಿಷದ ಆಟ ಆಡಿ. ನಂತರ ಬಣ್ಣ ಬದಲಿಸಿ ಮತ್ತೊಂದು. ಮೊದಲ ನಾಲ್ಕು ದಿನ ಕಪ್ಪು ಬೇಕೆಂದೇ ಕುದುರೆ × ಡಿ5 ಆಡಲಿ, ಆಮೇಲೆ ಕುದುರೆ ಎ5. ಪ್ರತಿ ನಡೆಗೆ ಮುಂಚೆ ಎಣಿಕೆಯನ್ನು ಬಾಯಿಬಿಟ್ಟು ಹೇಳಬೇಕು: ಡಿ5, ಎರಡಕ್ಕೆ ಎರಡು. ಪಕ್ಕದ ಮನೆಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

## ಪಂದ್ಯಕ್ಕೆ ಹೋಗುವವರಿಗೆ

ಕಾಯಿ ಮುಟ್ಟಿದ ಮೇಲೆ ತಪ್ಪು ಅಂತ ಗೊತ್ತಾದ್ರೆ ಬಿಡಬಹುದಾ?

ಬಿಡುವಂತಿಲ್ಲ. ಮುಟ್ಟಿದ ಕಾಯಿ ನಡೆಸಬೇಕು. ಎದುರಾಳಿಯ ಕಾಯಿ ಮುಟ್ಟಿದರೆ, ಹೊಡೆಯಲು ಆಗುವಂತಿದ್ದರೆ, ಹೊಡೆಯಬೇಕು. ಕಾಯಿ ಬರೀ ಸರಿಪಡಿಸುವುದಾದರೆ ನಿಮ್ಮ ಸರದಿಯಲ್ಲಿ, ಮುಟ್ಟುವ ಮೊದಲೇ ಅಡ್ಜಸ್ಟ್ ಎಂದು ಹೇಳಿ. ಕ್ಯಾಸ್ಲಿಂಗ್ ಮಾಡುವಾಗ ಮೊದಲು ರಾಜ, ಆಮೇಲೆ ಆನೆ, ಒಂದೇ ಕೈಯಲ್ಲಿ. ಆನೆ ಮೊದಲು ಮುಟ್ಟಿ ಆಮೇಲೆ ರಾಜನನ್ನು ಮುಟ್ಟಿದರೆ ಆ ನಡೆಗೆ ಆ ಕಡೆ ಕ್ಯಾಸ್ಲಿಂಗ್ ಸಿಗದು. ಮನೆಯಲ್ಲಿ ಎರಡು ಕೈ ಬಳಸಿ ರೂಢಿಯಾದ ಮಕ್ಕಳು ಮೊದಲ ಪಂದ್ಯದಲ್ಲಿ ಇಲ್ಲೇ ಸಿಕ್ಕಿಬೀಳುತ್ತಾರೆ.

ನಡೆ ಬರೆದುಕೊಂಡು ಆಮೇಲೆ ಆಡಬಹುದಾ? ಹಂಗೆ ಮಾಡಿದ್ರೆ ತಪ್ಪು ಕಮ್ಮಿ ಆಗ್ತದೆ.

ಹಿಂದೆ ಆ ರೂಢಿ ಇತ್ತು, ಈಗ ನಿಯಮ ಒಪ್ಪುವುದಿಲ್ಲ. ಮೊದಲು ಆಡಿ, ಗಡಿಯಾರ ಒತ್ತಿ, ಆಮೇಲೆ ಬರೆಯಬೇಕು. ಎಣಿಕೆಗೆ ಸಮಯ ಬೇಕಾದರೆ ಬರೆಯುವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೇ ಎಣಿಸಿ.

ಫಿಡೆ ರೇಟಿಂಗ್ ಬರೋಕೆ ಎಷ್ಟು ಆಟ ಬೇಕು?

ಫಿಡೆ ಅಂದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ, ರೇಟಿಂಗ್ ಅಂದರೆ ಆಟಗಾರರ ಬಲ ತೋರಿಸುವ ಅಂಕ. ರೇಟಿಂಗ್ ಇರುವವರ ಎದುರು ಕನಿಷ್ಠ 5 ಆಟ ಬೇಕು, ಒಂದೇ ಪಂದ್ಯಾವಳಿಯಲ್ಲಿ ಆಗಬೇಕೆಂದಿಲ್ಲ. 2024ರ ಮಾರ್ಚ್‌ನಿಂದ ಪಟ್ಟಿಯ ಕೆಳಮಿತಿ 1400; ಅದಕ್ಕಿಂತ ಕಮ್ಮಿ ಬಂದರೆ ಹೆಸರು ಪಟ್ಟಿಗೆ ಸೇರದು. ಪಂದ್ಯ ಯಾವ ಬಗೆಯದು ಎಂದು ಪ್ರಕಟಣೆಯಲ್ಲೇ ನೋಡಿಕೊಳ್ಳಿ: ಒಬ್ಬರಿಗೆ 60 ನಿಮಿಷ ಅಥವಾ ಹೆಚ್ಚಿದ್ದರೆ ಕ್ಲಾಸಿಕಲ್, 10ಕ್ಕಿಂತ ಹೆಚ್ಚು 60ಕ್ಕಿಂತ ಕಮ್ಮಿ ಇದ್ದರೆ ರ‍್ಯಾಪಿಡ್, 10 ಅಥವಾ ಕಮ್ಮಿ ಇದ್ದರೆ ಬ್ಲಿಟ್ಜ್. ಮೂರಕ್ಕೂ ರೇಟಿಂಗ್ ಬೇರೆ ಬೇರೆ. ನೋಂದಣಿಯನ್ನು ಅಖಿಲ ಭಾರತ ಚೆಸ್ ಫೆಡರೇಷನ್ನಿನಲ್ಲಿ ಮೊದಲೇ ಮಾಡಿಸಿಟ್ಟುಕೊಳ್ಳಿ, ಪಂದ್ಯದ ಬೆಳಗ್ಗೆಗೆ ಉಳಿಸಬೇಡಿ.